‘ಅನಾದಿಕಾಲದಿಂದ’ ಎಂಬ ಪದವನ್ನು ಮೊದಲು ಹೊಡೆದುಹಾಕಿ

ಮಾನ್ಯರೇ,

‘ಅನಾದಿಕಾಲದಿಂದ ಸ್ವತಂತ್ರ ಟಿಬೆಟ್’ ಎಂಬ ನಿಮ್ಮ ಹದಿನೆಂಟು ಪುಟಗಳ ಲೇಖನ ನಮ್ಮ ಕೈಸೇರಿ ಆರು ವಾರಗಳಾದವು. ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ಮೊದಲ ಬಾರಿ ಬರಿಯ ಓದುಗನಾಗಿ, ಎರಡನೆಯ ಬಾರಿ ಪೆನ್ಸಿಲ್ ಹಿಡಿದು ಓದಿದ್ದರಿಂದ ಹೊತ್ತು ಹಿಡಿಯಿತು. ಲೇಖನವನ್ನು ಈಗಿರುವ ರೂಪದಲ್ಲಿ ನಮ್ಮ ಮಾಸಪತ್ರಿಕೆಯಲ್ಲಿ ಪ್ರಕಟಿಸಲು ಸಾಧ್ಯವಿಲ್ಲ. ಹಾಗೆಂದು ಎರಡು ಸಾಲಿನ ವಿಷಾದಪತ್ರದೊಡನೆ ಹಿಂದಿರುಗಿಸಲೂ ಮನಸ್ಸು ಬರಲಿಲ್ಲ, ಏಕೆಂದರೆ ನೀವು ಓದಿಕೊಂಡು ಬರೆದಿದ್ದೀರಿ, ಮತ್ತು ಹದಿನಾರನೆಯ ಪುಟದಲ್ಲಿ ಕಣ್ಣಾರೆ ಕಂಡದ್ದನ್ನು ಬರೆದ ಒಂದು ಪ್ಯಾರಾ ಇದೆ. ಅದರ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಮೊದಲು ಶೀರ್ಷಿಕೆ. ‘ಅನಾದಿಕಾಲದಿಂದ’, ‘ಎಂದೆಂದಿಗೂ’, ‘ಇತಿಹಾಸದುದ್ದಕ್ಕೂ’ ಎಂಬ ಮಾತುಗಳು ನಿಮ್ಮ ಲೇಖನದಲ್ಲಿ ಒಟ್ಟು ಹದಿನೈದು ಕಡೆ ಬಂದಿವೆ. ಎದುರುಪಕ್ಷದ ಭಾಷೆಯನ್ನು ಒಮ್ಮೆ ಗಮನಿಸಿ. ಟಿಬೆಟ್ ಹದಿಮೂರನೆಯ ಶತಮಾನದ ಯುವಾನ್ ಎಂಬ ಮಂಗೋಲ ರಾಜವಂಶದ ಆಳ್ವಿಕೆಯಿಂದ ಚೀನಾದ ಭಾಗವಾಯಿತೆಂದು ಹೇಳುತ್ತಿದ್ದ ಬೀಜಿಂಗ್ ಸರ್ಕಾರ, ಈಚಿನ ವರ್ಷಗಳಲ್ಲಿ ಅಷ್ಟಕ್ಕೂ ತೃಪ್ತವಾಗದೆ, ಅದು ಪ್ರಾಚೀನ ಕಾಲದಿಂದಲೂ ತನ್ನದೇ ಎನ್ನತೊಡಗಿದೆ. ಅವರದು ಅನಾದಿ, ನಿಮ್ಮದೂ ಅನಾದಿ. ಇಬ್ಬರೂ ಒಂದೇ ತಪ್ಪನ್ನು ಎರಡು ದಿಕ್ಕಿನಿಂದ ಮಾಡುತ್ತಿದ್ದೀರಿ: ರಾಷ್ಟ್ರ, ಗಡಿ, ಸಾರ್ವಭೌಮತ್ವ ಎಂಬ ಈಚಿನ ಶತಮಾನಗಳ ಪದಗಳನ್ನು, ಆ ಪದಗಳ ಅರಿವೇ ಇಲ್ಲದಿದ್ದ ಕಾಲದ ಜನರ ಬಾಯಿಗೆ ತುರುಕುತ್ತಿದ್ದೀರಿ. ಟಿಬೆಟ್ಟಿನ ವಾದಕ್ಕೆ ಅನಾದಿತ್ವದ ಅಗತ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಆ ವಾದದ ಗಟ್ಟಿ ನೆಲವಿರುವುದು ಇಪ್ಪತ್ತನೆಯ ಶತಮಾನದ ಮೂವತ್ತೆಂಟು ವರ್ಷಗಳಲ್ಲಿ, 1913ರಿಂದ 1951ರವರೆಗೆ. ನೀವೋ ಅದಕ್ಕೆ ಒಂದೂವರೆ ಪುಟ ಕೊಟ್ಟು, ಏಳನೆಯ ಶತಮಾನಕ್ಕೆ ಐದು ಪುಟ ಕೊಟ್ಟಿದ್ದೀರಿ.

ಆ ಐದು ಪುಟಗಳಲ್ಲಿ ಉಳಿಸಿಕೊಳ್ಳಬೇಕಾದ ವಸ್ತು ಒಂದಿದೆ, ಆದರೆ ನೀವು ಅದನ್ನು ಒಂದು ವಾಕ್ಯದಲ್ಲಿ ಮುಗಿಸಿದ್ದೀರಿ. ಲ್ಹಾಸಾದ ಜೋಖಾಂಗ್ ದೇಗುಲದ ಮುಂದಿರುವ ಕಲ್ಲಿನ ಕಂಬ. 821 ಮತ್ತು 822ರಲ್ಲಿ ಟಿಬೆಟ್ಟಿನ ಅರಸ ರಲ್ಪಚೆನ್ ಹಾಗೂ ಚೀನಾದ ತಾಂಗ್ ವಂಶದ ಚಕ್ರವರ್ತಿ ಮುಜಾಂಗ್ ಅವರ ನಡುವೆ ಆದ ಒಪ್ಪಂದವನ್ನು ಟಿಬೆಟಿಯನ್ ಮತ್ತು ಚೀನೀ ಎರಡೂ ಭಾಷೆಗಳಲ್ಲಿ ಕೆತ್ತಿ 823ರಲ್ಲಿ ಅದನ್ನು ನಿಲ್ಲಿಸಿದರು. ಟಿಬೆಟಿಯನ್ನರು ತಮ್ಮ ನಾಡಿನಲ್ಲಿ, ಚೀನೀಯರು ತಮ್ಮ ನಾಡಿನಲ್ಲಿ ಸುಖವಾಗಿರಲಿ ಎಂಬ ಆಶಯ ಅದರಲ್ಲಿದೆ. ಎರಡು ನಾಡು, ಎರಡು ಗಡಿ, ಸಮಾನರ ನಡುವಿನ ಮಾತು ಎಂದು ನೀವು ಓದುತ್ತೀರಿ, ಮತ್ತು ಅದು ತಪ್ಪಲ್ಲ. ಆದರೆ ಅದೇ ಕಲ್ಲಿನಲ್ಲಿ ಇಬ್ಬರು ಅರಸರ ಸಂಬಂಧವನ್ನು ಹೇಳಲು ಬಳಸಿರುವ ಪದಜೋಡಿಯನ್ನು ನೀವು ಬಿಟ್ಟಿದ್ದೀರಿ: ಅವರು ಮಾವ ಮತ್ತು ಅಳಿಯ. 641ರಲ್ಲಿ ರಾಜಕುಮಾರಿ ವೆನ್‌ಚೆಂಗ್, 710ರಲ್ಲಿ ರಾಜಕುಮಾರಿ ಜಿನ್‌ಚೆಂಗ್ ಟಿಬೆಟ್ಟಿನ ಅರಮನೆಗೆ ಮದುವೆಯಾಗಿ ಹೋದದ್ದರಿಂದ ಬಂದ ಸಂಬಂಧ ಅದು. ಚೀನಾದಲ್ಲಿ ಈ ಕಂಬಕ್ಕೆ ಇರುವ ಹೆಸರೇ ಮಾವ-ಅಳಿಯರ ಒಪ್ಪಂದದ ಶಾಸನ ಎಂದು, ಮತ್ತು ಬಂಧುತ್ವವನ್ನೇ ಅವರು ಏಕತೆಯ ಪುರಾವೆಯಾಗಿ ಓದುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವವರು ಆ ಟಿಬೆಟಿಯನ್ ಪದವನ್ನು ಸೋದರಮಾವ ಎನ್ನಬೇಕೋ ಹೆಂಡತಿಯ ತಂದೆ ಎನ್ನಬೇಕೋ ಎಂದು ತಿಣುಕುತ್ತಾರೆ. ಕನ್ನಡದಲ್ಲಿ ನಮಗೆ ‘ಮಾವ’ ಎಂಬ ಒಂದೇ ಪದ ಎರಡನ್ನೂ ಹೊರುತ್ತದೆ. ಹೆಣ್ಣು ಕೊಟ್ಟ ಮಾವನ ಮನೆಗೆ ಅಳಿಯ ತಲೆಬಾಗುತ್ತಾನೆ, ಆದರೆ ಅಳಿಯನ ಹೊಲ ಮಾವನದಾಗುವುದಿಲ್ಲ ಎಂಬುದನ್ನು ನಮ್ಮ ಓದುಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಈ ಸೌಕರ್ಯ ಕೈಯಲ್ಲಿದ್ದೂ ನೀವು ‘ದ್ವಿಪಕ್ಷೀಯ ಸಂಬಂಧ’ ಎಂದು ಬರೆದಿದ್ದೀರಿ. 763ರಲ್ಲಿ ಟಿಬೆಟ್ಟಿನ ಸೇನೆ ತಾಂಗ್ ರಾಜಧಾನಿ ಚಾಂಗಾನ್ ನಗರವನ್ನು ಕೆಲದಿನ ಹಿಡಿದದ್ದನ್ನು ಹೇಳುವಾಗ ನಿಮ್ಮ ಭಾಷೆಯಲ್ಲಿ ಬರುವ ಉತ್ಸಾಹ ಇಲ್ಲಿ ಬರಬೇಕಿತ್ತು.

ಯುವಾನ್ ಕಾಲದ ವಿಷಯಕ್ಕೆ ಬಂದರೆ, ಟಿಬೆಟ್ಟಿನ ಸಾಕ್ಯ ಮಠದ ಲಾಮಾ ಫಗ್ಪಾ ಮತ್ತು ಮಂಗೋಲ ಚಕ್ರವರ್ತಿ ಕುಬ್ಲಾಯ್ ಖಾನ್ ನಡುವಿನದು ‘ಕೇವಲ ಗುರು-ಶಿಷ್ಯ ಸಂಬಂಧ’ ಎಂದು ಬರೆದಿದ್ದೀರಿ. ಟಿಬೆಟಿಯನ್ನರು ‘ಚೋಯೋನ್’ ಎಂದು ಕರೆಯುವ ಆ ನಂಟಿನಲ್ಲಿ ಗುರುವಿಗೆ ದಾನಿ, ದಾನಿಗೆ ಗುರು ಎಂಬ ಪರಸ್ಪರತೆ ಇತ್ತೆಂಬುದು ನಿಜ. ಆದರೆ ಮಂಗೋಲರು 1268ರಲ್ಲಿ ಟಿಬೆಟ್ಟಿನಲ್ಲಿ ಜನಗಣತಿ ಮಾಡಿಸಿದರು, ಅಂಚೆಯ ತಂಗುದಾಣಗಳನ್ನು ನಡೆಸಿದರು, ಬೌದ್ಧರ ಮತ್ತು ಟಿಬೆಟ್ಟಿನ ವ್ಯವಹಾರಗಳಿಗೆಂದು ಪ್ರತ್ಯೇಕ ಇಲಾಖೆಯನ್ನೇ ಇಟ್ಟರು. ಶಿಷ್ಯನಾದವನು ಗುರುವಿನ ಊರಿನಲ್ಲಿ ಮನೆಗಳನ್ನು ಎಣಿಸುವುದಿಲ್ಲ. ಇದನ್ನು ಒಪ್ಪಿಕೊಂಡು, ಆಮೇಲೆ ನಿಮ್ಮ ನಿಜವಾದ ಪ್ರಶ್ನೆಯನ್ನು ಕೇಳಿ: ಆ ಆಳ್ವಿಕೆ ಮಂಗೋಲರದೋ ಚೀನೀಯರದೋ? ಮಂಗೋಲರು ದಕ್ಷಿಣದ ಸಾಂಗ್ ರಾಜ್ಯವನ್ನು ಪೂರ್ತಿ ಗೆದ್ದದ್ದು 1279ರಲ್ಲಿ, ಅಂದರೆ ಟಿಬೆಟ್ ಅವರ ಕೈಕೆಳಗೆ ಬಂದ ಎಷ್ಟೋ ವರ್ಷಗಳ ನಂತರ. ಒಬ್ಬನೇ ಒಡೆಯ ಎರಡು ಮನೆಗಳನ್ನು ಆಕ್ರಮಿಸಿದ ಮಾತ್ರಕ್ಕೆ ಒಂದು ಮನೆ ಇನ್ನೊಂದರ ಕೋಣೆಯಾಗುವುದಿಲ್ಲ. 1937ರವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತವಾಗಿತ್ತು, ಆದರೆ ರಂಗೂನ್ ನಮ್ಮದೆಂದು ದೆಹಲಿಯಲ್ಲಿ ಯಾರೂ ಹೇಳುತ್ತಿಲ್ಲ. ಈ ಹೋಲಿಕೆ ನಿಮ್ಮ ಲೇಖನದಲ್ಲಿ ಇಲ್ಲ, ಬೇಕಾದರೆ ಬಳಸಿಕೊಳ್ಳಿ. ಅನಂತರದ ಮಿಂಗ್ ವಂಶದ ಕಾಲಕ್ಕೆ ನೀವು ಕೊಟ್ಟಿರುವ ಒಂದು ಪ್ಯಾರಾ ಸಾಕು, ಅಲ್ಲಿ ಬಿರುದುಗಳ ಹಂಚಿಕೆಯೇ ಹೆಚ್ಚು, ಆಡಳಿತ ಕಡಿಮೆ.

ಚಿಂಗ್ ಎಂಬ ಮಾಂಚು ರಾಜವಂಶದ ಕಾಲದ ವಿಷಯದಲ್ಲಿ ನೀವು ಮಾಡಿರುವುದು ಮಾತ್ರ ಕ್ಷಮಿಸಲು ಕಷ್ಟವಾದ ತಪ್ಪು. ಐದನೆಯ ದಲೈ ಲಾಮಾ 1653ರಲ್ಲಿ ಬೀಜಿಂಗಿಗೆ ಹೋದಾಗ ಚಕ್ರವರ್ತಿ ಶುನ್‌ಝಿ ಸಿಂಹಾಸನದಿಂದ ಇಳಿದು ಎದುರುಗೊಂಡದ್ದನ್ನು ಅರ್ಧ ಪುಟ ಬಣ್ಣಿಸಿ, ಅಲ್ಲಿಂದ ನೇರವಾಗಿ 1904ಕ್ಕೆ ಹಾರಿದ್ದೀರಿ. ನಡುವೆ ಎರಡೂವರೆ ಶತಮಾನ ಎಲ್ಲಿ ಹೋಯಿತು? 1720ರಲ್ಲಿ ಜುಂಗಾರರೆಂಬ ಮಂಗೋಲ ಪಂಗಡದವರನ್ನು ಓಡಿಸುವ ನೆಪದಲ್ಲಿ ಚಿಂಗ್ ಸೇನೆ ಲ್ಹಾಸಾ ಹೊಕ್ಕಿತು. 1728ರಿಂದ ‘ಅಂಬನ್’ ಎಂಬ ಚಕ್ರವರ್ತಿಯ ಪ್ರತಿನಿಧಿಗಳು ಅಲ್ಲಿ ನೆಲೆಯೂರಿದರು. ಗೂರ್ಖಾ ದಾಳಿಯನ್ನು ಹಿಮ್ಮೆಟ್ಟಿಸಿದ ಮೇಲೆ, 1793ರಲ್ಲಿ, ಇಪ್ಪತ್ತೊಂಬತ್ತು ಕಲಮುಗಳ ಸುಗ್ರೀವಾಜ್ಞೆ ಹೊರಟಿತು, ಉನ್ನತ ಲಾಮಾಗಳ ಪುನರವತಾರವನ್ನು ಚಿನ್ನದ ಕಲಶದಿಂದ ಚೀಟಿಯೆತ್ತಿ ಆರಿಸಬೇಕೆಂಬ ನಿಯಮ ಬಂತು. ಇದನ್ನೆಲ್ಲ ನೀವು ಓದಿದ್ದೀರಿ, ಅಡಿಟಿಪ್ಪಣಿಗಳಲ್ಲಿ ಸುಳಿವಿದೆ, ಆದರೂ ಮೈಪಠ್ಯದಲ್ಲಿ ಬಚ್ಚಿಟ್ಟಿರಿ. ನಿಮ್ಮನ್ನು ಒಪ್ಪದ ಓದುಗ ಮೊದಲು ಕೈ ಹಾಕುವುದೇ ಇಲ್ಲಿಗೆ. ಬಚ್ಚಿಡುವ ಬದಲು ಬಿಚ್ಚಿಟ್ಟರೆ ನಿಮಗೇ ಲಾಭವಿದೆ: ಆ ಕಲಶವನ್ನು ಒಂಬತ್ತನೆಯ ಮತ್ತು ಹದಿಮೂರನೆಯ ದಲೈ ಲಾಮಾಗಳ ಆಯ್ಕೆಯಲ್ಲಿ ಬಳಸಲೇ ಇಲ್ಲ, ಮತ್ತು ಹತ್ತೊಂಬತ್ತನೆಯ ಶತಮಾನ ಸಾಗಿದಂತೆ ಅಂಬನ್ನರ ಮಾತಿನ ತೂಕ ಇಳಿಯುತ್ತ ಬಂತು. ಇದು ಹಳೆಯ ಕತೆಯೂ ಅಲ್ಲ. 1995ರಲ್ಲಿ, ದಲೈ ಲಾಮಾ ನಂತರದ ಹಿರಿಯ ಗುರುವಾದ ಪಂಚೆನ್ ಲಾಮಾ ಆಯ್ಕೆಗೆ ಬೀಜಿಂಗ್ ಅದೇ ಕಲಶವನ್ನು ಹೊರತೆಗೆಯಿತು. 2007ರಲ್ಲಿ ಪುನರವತಾರಕ್ಕೆ ಸರ್ಕಾರದ ಅನುಮತಿ ಬೇಕೆಂಬ ಆದೇಶ ಹೊರಡಿಸಿತು. 2025ರ ಜುಲೈನಲ್ಲಿ ಹದಿನಾಲ್ಕನೆಯ ದಲೈ ಲಾಮಾ ತಮ್ಮ ಪೀಠ ಮುಂದುವರಿಯುವುದೆಂದೂ ಆಯ್ಕೆಯ ಅಧಿಕಾರ ತಮ್ಮ ಗದೆನ್ ಫೊಡ್ರಾಂಗ್ ಟ್ರಸ್ಟಿಗೆ ಮಾತ್ರ ಇರುವುದೆಂದೂ ಸಾರಿದರು. 1793ರ ಒಂದು ಪಾತ್ರೆ ಇಂದಿನ ರಾಜಕಾರಣದ ನಟ್ಟನಡುವೆ ಕುಳಿತಿರುವಾಗ ಅದನ್ನು ಲೇಖನದಿಂದ ಹೊರಗಿಡುವುದು ಹೇಗೆ?

ಇನ್ನು ಅನುವಾದದ ಒಂದು ತಪ್ಪು. ಇದನ್ನು ಕಂಡಾಗ ನಾನು ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಎಂಟನೆಯ ಪುಟದಲ್ಲಿ 1907ರ ಆಂಗ್ಲ-ರಷ್ಯನ್ ಒಪ್ಪಂದವನ್ನು ಉದ್ಧರಿಸುತ್ತ, ಬ್ರಿಟನ್ ಮತ್ತು ರಷ್ಯಾ ‘ಟಿಬೆಟ್ಟಿನ ಮೇಲೆ ಚೀನಾದ ಸಾರ್ವಭೌಮತ್ವವನ್ನು’ ಮಾನ್ಯ ಮಾಡಿದವು ಎಂದು ಬರೆದಿದ್ದೀರಿ. ಮೂಲದಲ್ಲಿರುವುದು ಸಾವರೆಂಟಿ ಅಲ್ಲ, ಸುಜರೆಂಟಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬಂತೆ, ಹದಿನೆಂಟು ಪುಟ ಕಟ್ಟಿದ ವಾದವನ್ನು ನೀವೇ ಒಂದು ಪದದಿಂದ ಕೆಡವಿದ್ದೀರಿ. ಸುಜರೆಂಟಿಗೆ ಕನ್ನಡದಲ್ಲಿ ‘ಅಧಿರಾಜತ್ವ’ ಎನ್ನಬಹುದು, ಮತ್ತು ಆ ಪದವನ್ನು ವಿವರಿಸಲು ನಾವು ಲಂಡನ್ನಿಗೆ ಹೋಗಬೇಕಾಗಿಲ್ಲ. ಪಂಪನ ಆಶ್ರಯದಾತನಾದ ವೇಮುಲವಾಡದ ಎರಡನೆಯ ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ಅದೇ ಸಾಮಂತ ತನ್ನ ಅಧಿರಾಜನಾದ ನಾಲ್ಕನೆಯ ಗೋವಿಂದನನ್ನು ಪಟ್ಟದಿಂದ ಇಳಿಸುವುದರಲ್ಲಿ ಕೈಯಾಡಿಸಿದ. ಕಪ್ಪ ಕೊಡುವವನು, ಸೇನೆ ಕಳಿಸುವವನು, ಆದರೂ ತನ್ನ ಅರಮನೆಯಲ್ಲಿ ತಾನೇ ಅರಸ ಎಂಬ ಈ ಮಸುಕಾದ ಸ್ಥಿತಿಯನ್ನು ಒಂದೋ ದಾಸ್ಯ ಇಲ್ಲವೇ ಸ್ವಾತಂತ್ರ್ಯ ಎಂದು ಸೀಳಲಾಗದು. ಬ್ರಿಟಿಷರು ಆ ಪದವನ್ನು ಆರಿಸಿಕೊಂಡದ್ದೂ ಅದು ಮಸುಕಾಗಿರುವುದರಿಂದಲೇ: 1904ರಲ್ಲಿ ಯಂಗ್‌ಹಸ್ಬಂಡ್ ಸೇನೆಯೊಡನೆ ಲ್ಹಾಸಾಗೆ ನುಗ್ಗಿ ಟಿಬೆಟ್ಟಿನೊಡನೆ ನೇರ ಒಪ್ಪಂದ ಮಾಡಿಕೊಂಡವರೇ, ಮೂರು ವರ್ಷದಲ್ಲಿ ರಷ್ಯಾವನ್ನು ದೂರವಿಡಲು ಚೀನಾದ ಅಧಿರಾಜತ್ವದ ಮಾತಾಡಿದರು. ಆ ನಿಲುವನ್ನು ಬ್ರಿಟನ್ ಕೈಬಿಟ್ಟದ್ದು 2008ರಲ್ಲಿ, ಅದು ಕಾಲಬಾಹಿರವೆಂದು ಹೇಳಿ.

ಈಗ ಆ ಮೂವತ್ತೆಂಟು ವರ್ಷಗಳು. 1910ರಲ್ಲಿ ಚಿಂಗ್ ಸೇನೆ ಲ್ಹಾಸಾಗೆ ಬಂದಾಗ ಹದಿಮೂರನೆಯ ದಲೈ ಲಾಮಾ ಭಾರತಕ್ಕೆ ಓಡಿಬಂದರು. 1911ರ ಕ್ರಾಂತಿಯಲ್ಲಿ ಆ ಸಾಮ್ರಾಜ್ಯವೇ ಉರುಳಿತು. 1912ರಲ್ಲಿ ಟಿಬೆಟಿಯನ್ನರು ಉಳಿದ ಚೀನೀ ಪಡೆಗಳನ್ನು ಹೊರಹಾಕಿದರು. ಲ್ಹಾಸಾಗೆ ಮರಳಿದ ದಲೈ ಲಾಮಾ 1913ರ ಫೆಬ್ರುವರಿಯಲ್ಲಿ ಒಂದು ಘೋಷಣೆ ಹೊರಡಿಸಿದರು. ನೀವು ಅದನ್ನು ‘ಸ್ವಾತಂತ್ರ್ಯ ಘೋಷಣೆ’ ಎಂದು ಹೇಳಿ ಮುಂದೆ ಹೋಗಿದ್ದೀರಿ. ಪಠ್ಯವನ್ನು ಓದಿ. ಗುರು-ದಾನಿ ಸಂಬಂಧದ ಹೆಸರಿನಲ್ಲಿ ಟಿಬೆಟ್ಟನ್ನು ವಸಾಹತು ಮಾಡುವ ಚೀನೀಯರ ಹಂಚಿಕೆ ಆಕಾಶದ ಕಾಮನಬಿಲ್ಲಿನಂತೆ ಕರಗಿಹೋಯಿತು ಎನ್ನುತ್ತದೆ ಅದು. ಹಳೆಯ ನಂಟು ಚಕ್ರವರ್ತಿಯೊಡನೆ ಇದ್ದದ್ದು, ಚಕ್ರವರ್ತಿಯೇ ಇಲ್ಲವಾದ ಮೇಲೆ ನಂಟೂ ಇಲ್ಲ ಎಂಬುದು ಇದರ ಹಿಂದಿನ ತರ್ಕ. ಹೊಸ ಚೀನೀ ಗಣರಾಜ್ಯದ ತರ್ಕ ಬೇರೆ: ಹಾನ್, ಮಾಂಚು, ಮಂಗೋಲ, ಹುಯಿ, ಟಿಬೆಟಿಯನ್ ಎಂಬ ಐದು ಜನಾಂಗಗಳ ಒಂದೇ ದೇಶವೆಂದು ಸಾರಿ, ಐದು ಬಣ್ಣದ ಧ್ವಜ ಹಾರಿಸಿ, ಚಿಂಗ್ ಸಾಮ್ರಾಜ್ಯದ ಇಡೀ ನೆಲಕ್ಕೆ ತಾನೇ ವಾರಸುದಾರ ಎಂದಿತು. ಸಾಮ್ರಾಜ್ಯ ಸತ್ತಾಗ ಅದರ ಆಸ್ತಿ ಯಾರಿಗೆ ಎಂಬುದೇ ಈ ವಿವಾದದ ಕೇಂದ್ರ, ಮತ್ತು ನಿಮ್ಮ ಲೇಖನ ಇಲ್ಲಿಂದಲೇ ಶುರುವಾಗಬೇಕು.

ಅನಂತರ ಟಿಬೆಟ್ ತನ್ನದೇ ಸೇನೆ, ನಾಣ್ಯ, ಅಂಚೆಚೀಟಿ, ತೆರಿಗೆ ಇಟ್ಟುಕೊಂಡು ಬದುಕಿತು. ಎರಡನೆಯ ಮಹಾಯುದ್ಧದಲ್ಲಿ ತನ್ನ ನೆಲದ ಮೂಲಕ ಚೀನಾಕ್ಕೆ ಯುದ್ಧಸಾಮಗ್ರಿ ಸಾಗಿಸಲು ಒಪ್ಪಲಿಲ್ಲ. 1947ರಲ್ಲಿ ಹೊರಟ ವ್ಯಾಪಾರ ನಿಯೋಗದ ನಾಯಕ ಶಕಬ್ಪಾ ಟಿಬೆಟ್ ಸರ್ಕಾರದ ಪಾಸ್‌ಪೋರ್ಟ್ ಹಿಡಿದು ಅಮೆರಿಕ, ಬ್ರಿಟನ್ ಸುತ್ತಿ ಬಂದರು. ಇದನ್ನು ನೀವು ಹೆಮ್ಮೆಯಿಂದ ಹೇಳಿದ್ದೀರಿ, ಆದರೆ ಉಳಿದರ್ಧ ಹೇಳಿಲ್ಲ: ಚೀನಾ ಆಕ್ಷೇಪಿಸಿದಾಗ, ಟಿಬೆಟ್ಟಿನ ಮೇಲೆ ಅದಕ್ಕಿರುವ ಕಾನೂನುಬದ್ಧ ಸಾರ್ವಭೌಮತ್ವವನ್ನು ಪ್ರಶ್ನಿಸುವ ಉದ್ದೇಶ ತನಗಿಲ್ಲವೆಂದು ಅಮೆರಿಕ ಸಮಜಾಯಿಷಿ ನೀಡಿತು. ಒಂದು ದೇಶದಂತೆ ಬದುಕುವುದು ಬೇರೆ, ದೇಶವೆಂದು ಇತರರಿಂದ ಅನ್ನಿಸಿಕೊಳ್ಳುವುದು ಬೇರೆ. 1913ರಲ್ಲಿ ಮಂಗೋಲಿಯಾದೊಡನೆ ಮಾಡಿಕೊಂಡ ಪರಸ್ಪರ ಮನ್ನಣೆಯ ಒಪ್ಪಂದವನ್ನು ಬಿಟ್ಟರೆ, ದೊಡ್ಡ ರಾಷ್ಟ್ರಗಳಾವುವೂ ಲ್ಹಾಸಾಗೆ ಆ ಎರಡನೆಯದನ್ನು ಕೊಡಲಿಲ್ಲ. ಈ ಅಂತರದಲ್ಲಿಯೇ ಟಿಬೆಟ್ ಬಿದ್ದುಹೋಯಿತು. ಅದನ್ನು ಹೇಳದೆ ಪಾಸ್‌ಪೋರ್ಟಿನ ಬಣ್ಣವನ್ನು ವರ್ಣಿಸಿ ಪ್ರಯೋಜನವಿಲ್ಲ.

ಟಿಬೆಟ್ ಚೀನಾಕ್ಕೆ ಸೇರಿದ್ದೆಂದು ಬೀಜಿಂಗ್ ಬರೆಸಿಕೊಂಡ 1951ರ ಹದಿನೇಳು ಅಂಶಗಳ ಒಪ್ಪಂದದ ಬಗ್ಗೆ ನೀವು ಖೋಟಾ ಮುದ್ರೆಯ ವಾದವನ್ನು ಎರಡು ಪುಟ ಎಳೆದಿದ್ದೀರಿ. ಪ್ರತಿನಿಧಿಗಳು ಒತ್ತಿದ ಮುದ್ರೆಗಳನ್ನು ಬೀಜಿಂಗಿನಲ್ಲಿ ಕೆತ್ತಿಸಿದ್ದು ಹೌದು. ಅವು ಸರ್ಕಾರಿ ಮುದ್ರೆಯ ನಕಲೋ, ಪ್ರತಿನಿಧಿಗಳ ವೈಯಕ್ತಿಕ ಮುದ್ರೆಯೋ ಎಂಬಲ್ಲಿ ಜಗಳವಿದೆ. ಅಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ. 1950ರ ಅಕ್ಟೋಬರಿನಲ್ಲಿ ಪೂರ್ವ ಟಿಬೆಟ್ಟಿನ ಚಾಮ್ಡೋ ಚೀನೀ ಸೇನೆಯ ವಶವಾಗಿತ್ತು, ನಿಯೋಗದ ಮುಖ್ಯಸ್ಥ ಙಾಬೋ ಅಲ್ಲಿ ಸೆರೆಸಿಕ್ಕ ರಾಜ್ಯಪಾಲ, ಸೇನೆ ಮುಂದುವರಿಯುವ ಬೆದರಿಕೆಯ ಕೆಳಗೆ ಮೇ 23ರಂದು ಸಹಿಯಾಯಿತು. ಬಲಾತ್ಕಾರದ ವಾದಕ್ಕೆ ಇಷ್ಟು ಸಾಕು. ಇದರ ಜೊತೆಗೆ, ಅಕ್ಟೋಬರ್ 24ರಂದು ದಲೈ ಲಾಮಾ ಹೆಸರಿನಲ್ಲಿ ಒಪ್ಪಿಗೆಯ ತಂತಿ ಹೋದದ್ದನ್ನೂ, 1959ರಲ್ಲಿ ಭಾರತಕ್ಕೆ ಬಂದ ಮೇಲೆ ಅವರು ಆ ಒಪ್ಪಂದವನ್ನು ತಿರಸ್ಕರಿಸಿದ್ದನ್ನೂ ಎರಡನ್ನೂ ಹೇಳಿ. ನಿಮ್ಮ ಅತ್ಯುತ್ತಮ ಪ್ರಶ್ನೆಯಂತೂ 41ನೆಯ ಅಡಿಟಿಪ್ಪಣಿಯಲ್ಲಿ ಅಡಗಿದೆ: ಟಿಬೆಟ್ ಆಗಲೇ ಚೀನಾದ ಒಂದು ಪ್ರಾಂತವಾಗಿದ್ದರೆ, ಅದರೊಡನೆ ಒಪ್ಪಂದ ಮಾಡಿಕೊಂಡು, ಅಲ್ಲಿನ ರಾಜಕೀಯ ವ್ಯವಸ್ಥೆಯನ್ನು ಬದಲಿಸುವುದಿಲ್ಲವೆಂದು ನಾಲ್ಕನೆಯ ಅಂಶದಲ್ಲಿ ಮಾತು ಕೊಡಬೇಕಾದ ಪ್ರಮೇಯವೇನಿತ್ತು? ಅದನ್ನು ಮೇಲಕ್ಕೆ ತನ್ನಿ.

‘ಭಾರತ ಸದಾ ಟಿಬೆಟ್ಟಿನ ಬೆನ್ನಿಗೆ ನಿಂತಿದೆ’ ಎಂಬ ವಾಕ್ಯವನ್ನು ಹೊಡೆದುಹಾಕಿದ್ದೇನೆ. 1950ರ ನವೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಟಿಬೆಟ್ಟಿನ ಪ್ರಶ್ನೆ ಎತ್ತಿದ್ದು ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶ. ಶಾಂತಿಯುತ ಪರಿಹಾರ ಸಾಧ್ಯವೆಂದು ಭಾರತದ ಪ್ರತಿನಿಧಿ ಹೇಳಿದ ಮೇಲೆ ಅದರ ಚರ್ಚೆಯನ್ನು ಮುಂದೂಡಿದರು. 1954ರ ಪಂಚಶೀಲ ಒಪ್ಪಂದದಲ್ಲಿ ನಾವು ‘ಚೀನಾದ ಟಿಬೆಟ್ ಪ್ರದೇಶ’ ಎಂದು ಬರೆದುಕೊಟ್ಟೆವು. ಟಿಬೆಟ್ ಕುರಿತ ವಿಶ್ವಸಂಸ್ಥೆಯ 1959ರ ನಿರ್ಣಯದಲ್ಲಿ ತಟಸ್ಥರಾಗಿದ್ದೆವು, 1965ರಲ್ಲಿ ಪರವಾಗಿ ಮತ ಹಾಕಿದೆವು, 2003ರಲ್ಲಿ ಟಿಬೆಟ್ ಸ್ವಾಯತ್ತ ಪ್ರದೇಶ ಚೀನಾದ ಭಾಗವೆಂದು ಮತ್ತೆ ಸಹಿ ಮಾಡಿದೆವು. ಆದರೆ ಈಶಾನ್ಯದಲ್ಲಿ ನಾವು ಎತ್ತಿಹಿಡಿಯುವ ಮ್ಯಾಕ್‌ಮಹೋನ್ ರೇಖೆ ನಿಂತಿರುವುದು 1914ರಲ್ಲಿ ಲ್ಹಾಸಾದ ಪ್ರತಿನಿಧಿ ಲೊನ್‌ಚೆನ್ ಶಾತ್ರಾ ಬ್ರಿಟಿಷರೊಡನೆ ಮಾಡಿಕೊಂಡ ಒಪ್ಪಂದದ ಮೇಲೆ. ಟಿಬೆಟ್ಟಿಗೆ ಸಹಿ ಮಾಡುವ ಅಧಿಕಾರವಿರಲಿಲ್ಲವೆಂದು ಚೀನಾ ಅದನ್ನು ಒಪ್ಪುವುದಿಲ್ಲ, ಮತ್ತು ಅರುಣಾಚಲವನ್ನು ‘ದಕ್ಷಿಣ ಟಿಬೆಟ್’ ಎಂದು ಕರೆಯುತ್ತದೆ. ಆರನೆಯ ದಲೈ ಲಾಮಾ ಹುಟ್ಟಿದ್ದು ತವಾಂಗ್‌ನಲ್ಲಿ ಎಂಬುದನ್ನು ಪುರಾವೆಯಾಗಿ ಮುಂದಿಡುತ್ತದೆ. ಆ ದಿನ ಸಹಿ ಮಾಡುವಷ್ಟು ಸ್ವತಂತ್ರವಾಗಿದ್ದ ಟಿಬೆಟ್, ನಮ್ಮ ಉಳಿದ ಕಾಗದಗಳಲ್ಲಿ ಸ್ವತಂತ್ರವಾಗಿಲ್ಲ. ಈ ಇಕ್ಕಟ್ಟನ್ನು ಬರೆಯಲು ಧೈರ್ಯ ಬೇಕು, ಆದರೆ ನಿಮ್ಮ ಲೇಖನ ಕನ್ನಡದಲ್ಲಿ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿದೆ.

ನಕ್ಷೆಯನ್ನು ಹಿಂದಿರುಗಿಸುತ್ತಿದ್ದೇನೆ. ಉತ್ಸಾಂಗ್, ಖಾಮ್, ಆಮ್ಡೋ ಎಂಬ ಮೂರು ಪ್ರಾಂತಗಳನ್ನೂ ಸೇರಿಸಿ ಸುಮಾರು 25 ಲಕ್ಷ ಚದರ ಕಿಲೋಮೀಟರಿಗೆ ಒಂದೇ ಬಣ್ಣ ಬಳಿದು ‘ಟಿಬೆಟ್, 1950’ ಎಂದು ಬರೆದಿದ್ದೀರಿ. ಭಾಷೆ ಮತ್ತು ಧರ್ಮದ ನಕ್ಷೆಯಾಗಿ ಇದು ಸರಿಹೋದೀತು, ಲ್ಹಾಸಾದ ಆಡಳಿತದ ನಕ್ಷೆಯಾಗಿ ಅಲ್ಲ. ಹದಿನಾಲ್ಕನೆಯ ದಲೈ ಲಾಮಾ ಹುಟ್ಟಿದ ತಕ್ತ್ಸೆರ್ ಗ್ರಾಮವೇ ಆಮ್ಡೋದಲ್ಲಿದೆ. ಆಗ ಆ ಪ್ರದೇಶ ಮಾ ಬುಫಾಂಗ್ ಎಂಬ ಮುಸ್ಲಿಂ ಸೇನಾನಾಯಕನ ಹಿಡಿತದಲ್ಲಿತ್ತು, ಮತ್ತು ಮಗುವನ್ನು ಲ್ಹಾಸಾಗೆ ಕರೆದೊಯ್ಯಲು ಅವನಿಗೆ ಭಾರಿ ಹಣ ತೆರಬೇಕಾಯಿತು. ತಮ್ಮ ಧರ್ಮಗುರುವನ್ನು ಹಣ ಕೊಟ್ಟು ಬಿಡಿಸಿಕೊಂಡ ಸರ್ಕಾರದ ನಕ್ಷೆಯಲ್ಲಿ ಆ ಹಳ್ಳಿಯನ್ನು ಯಾವ ಬಣ್ಣದಲ್ಲಿ ತೋರಿಸುತ್ತೀರಿ? (ನಕ್ಷೆಯ ವಿಷಯದಲ್ಲಿ ನಾನು ಹುಷಾರು. ಹಿಂದೊಮ್ಮೆ ತಪ್ಪು ಅಡಿಬರಹದ ಗಡಿನಕ್ಷೆಯೊಂದನ್ನು ಅಚ್ಚು ಮಾಡಿ, ಮೂರು ತಿಂಗಳು ಓದುಗರ ಪತ್ರಗಳಿಗೆ ಉತ್ತರ ಬರೆದಿದ್ದೇನೆ.)

ಹದಿನಾರನೆಯ ಪುಟ. ನಿಮ್ಮೂರು ಮುಂಡಗೋಡದ ಪಕ್ಕದ್ದು ಎಂಬುದು ಅಲ್ಲಿಯವರೆಗೆ ಗೊತ್ತಾಗುವುದೇ ಇಲ್ಲ. 1966ರಲ್ಲಿ ಅಲ್ಲಿ ನೆಲೆಗೊಂಡ ಟಿಬೆಟಿಯನ್ ನಿರಾಶ್ರಿತರ ಶಿಬಿರದ ಅಜ್ಜನೊಬ್ಬ, ಗೋವಿನಜೋಳದ ತೆನೆ ಹರಡಿದ ಅಂಗಳದಲ್ಲಿ ಕುಳಿತು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ತನ್ನ ನೋಂದಣಿ ಪ್ರಮಾಣಪತ್ರವನ್ನು ತೆಗೆದು ತೋರಿಸಿದ್ದು, ಅದರಲ್ಲಿ ರಾಷ್ಟ್ರೀಯತೆ ಎಂಬುದರ ಮುಂದೆ ‘ಟಿಬೆಟಿಯನ್’ ಎಂದಿದ್ದು, ಅವನು ನಿಮ್ಮ ಹಳ್ಳಿಯ ಕನ್ನಡದಲ್ಲಿಯೇ “ಸರ್ಕಾರದ ಕಾಗದ, ಸರ್ಕಾರನೇ ಬರ್ದದ್ದು” ಎಂದು ನಕ್ಕಿದ್ದು. ಟಿಬೆಟ್ ಚೀನಾದ ಭಾಗವೆಂದು ಎರಡು ಬಾರಿ ಸಹಿ ಮಾಡಿದ ದೇಶದ ಕಚೇರಿಯೇ ಕೊಟ್ಟ ಕಾಗದ ಅದು. ಎಂಟು ಸಾಲಿನಲ್ಲಿ ನೀವು ಮುಗಿಸಿದ ಈ ಪ್ರಸಂಗ ಲೇಖನದ ಮೊದಲ ಪುಟಕ್ಕೆ ಬರಬೇಕು, ಇಡೀ ಲೇಖನ ಹತ್ತು ಪುಟ ಮೀರಬಾರದು, ಮತ್ತು ಎರಡು ತಿಂಗಳೊಳಗೆ ಕಳಿಸಿದರೆ ಮತ್ತೆ ಓದುತ್ತೇನೆ. ಅಜ್ಜನ ಆ ಪ್ರಮಾಣಪತ್ರದಲ್ಲಿ ‘ಟಿಬೆಟಿಯನ್’ ಎಂಬ ಪದ ಅಚ್ಚಿನದೋ, ಯಾರೋ ಗುಮಾಸ್ತರ ಕೈಬರಹದ್ದೋ, ನೀವು ಬರೆದಿಲ್ಲ. ಮುಂದಿನ ಸಲ ಊರಿಗೆ ಹೋದಾಗ, ಅಜ್ಜ ಒಪ್ಪಿದರೆ, ಇನ್ನೊಮ್ಮೆ ನೋಡಿಕೊಂಡು ಬನ್ನಿ.

ವಿಶ್ವಾಸಪೂರ್ವಕವಾಗಿ,
ಸಂಪಾದಕ